ಮರಿ ಹಾಕುವ ಮೀನಿನ ಲೆಕ್ಕ

ಕಳೆದ ಬೇಸಿಗೆ ರಜೆಗೆ ಮೈಸೂರಿನಿಂದ ಬಂದ ಮೊಮ್ಮಗಳ ಕೈಯಲ್ಲಿ ಬಟ್ಟೆಯ ಚೀಲದ ಜೊತೆ ಇನ್ನೊಂದು ಚೀಲವೂ ಇತ್ತು. ಗಾಳಿ ತುಂಬಿ ಉಬ್ಬಿದ ಪ್ಲಾಸ್ಟಿಕ್ ಚೀಲ, ಅದರಲ್ಲಿ ಅರ್ಧ ನೀರು, ನೀರಿನೊಳಗೆ ಐದು ಪುಟ್ಟ ಮೀನು. ಹುಣಸೂರಿನವರೆಗೆ ಒಂದು ಬಸ್ಸು, ಅಲ್ಲಿಂದ ಹನಗೋಡಿಗೆ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಂದ ಇಳಿಸಿರಲಿಲ್ಲವಂತೆ.

“ತಾತ, ಇವು ಗಪ್ಪಿ. ಮೊಟ್ಟೆ ಇಡಲ್ಲ, ಮರಿ ಹಾಕ್ತವೆ, ಗೊತ್ತಾ?” ಎಂದಳು.

ನನಗೆ ಗೊತ್ತಿರಲಿಲ್ಲ. ಲಕ್ಷ್ಮಣತೀರ್ಥ ಹೊಳೆಯ ದಡದ ಊರಿನವನಾಗಿ, ಎಪ್ಪತ್ತು ದಾಟಿದ ಮೇಲೂ, ಮೀನೆಂದರೆ ಮೊಟ್ಟೆ ಇಡುವ ಪ್ರಾಣಿ ಎಂದೇ ತಿಳಿದಿದ್ದೆ. ರಜೆ ಮುಗಿಯಿತು. ಅವಳು ಹೋದಳು, ಮೀನುಗಳು ಉಳಿದವು. “ದಸರಾಕ್ಕೆ ಬರೋವರ್ಗೂ ಚೆನ್ನಾಗಿ ನೋಡ್ಕೋ ತಾತ” ಎಂಬ ಅಪ್ಪಣೆಯೂ ಉಳಿಯಿತು. ನನ್ನಂತೆ ಮೊಮ್ಮಕ್ಕಳ ಮೀನಿಗೆ ಕಾವಲಾಗಿರುವ ಅಜ್ಜ-ಅಜ್ಜಿಯರು ಈಗ ಊರೂರಲ್ಲೂ ಇದ್ದಾರೆ. ಅವರಿಗೂ, ಮೀನು ಬೇಕೆಂದು ಹಟ ಹಿಡಿದಿರುವ ಮಕ್ಕಳಿಗೂ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಸ್ವಚ್ಛತೆಯಿಂದ ಆದ ಸಾವು

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಮೀನುಗಳು ಒಂದು ದುಂಡು ಗಾಜಿನ ಬೋಗುಣಿಯಲ್ಲಿದ್ದವು. ನೀರು ಸ್ವಲ್ಪ ಮಬ್ಬಾದಂತೆ ಕಂಡಿತು. ಶುಚಿಯಾಗಿರಲಿ ಎಂದು ನೀರನ್ನೆಲ್ಲ ಚೆಲ್ಲಿ, ತಳದ ಕಲ್ಲುಗಳನ್ನು ತಿಕ್ಕಿ ತೊಳೆದು, ನಲ್ಲಿಯಿಂದ ನೇರವಾಗಿ ಹೊಸ ನೀರು ತುಂಬಿದೆ. ಬೆಳಿಗ್ಗೆ ಎದ್ದು ನೋಡಿದರೆ ಮೂರು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಎರಡು ಗಂಡೂ ಹೋಗಿದ್ದವು, ಒಂದು ಹೆಣ್ಣೂ ಹೋಗಿತ್ತು. ಅಂದು ಮೊಮ್ಮಗಳಿಗೆ ಫೋನ್ ಮಾಡಲು ನನಗೆ ಧೈರ್ಯವಾಗಲಿಲ್ಲ. ಮಾರನೆಯ ದಿನ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಉಳಿದ ಎರಡನ್ನಾದ್ರೂ ಸಾಯಿಸ್ಬೇಡ ತಾತ” ಎಂದಳು.

ಅಂದಿನಿಂದ ನಾನು ವಿದ್ಯಾರ್ಥಿಯಾದೆ. ಸಿಕ್ಕ ಪುಸ್ತಕ ಓದಿದೆ, ಮೀನು ಸಾಕಿದವರನ್ನು ಕೇಳಿದೆ. ತಿಳಿದದ್ದು ಇಷ್ಟು. ಕುಡಿಯುವ ನೀರಿನಲ್ಲಿ ರೋಗಾಣು ಸಾಯಲೆಂದು ಕ್ಲೋರಿನ್ ಬೆರೆಸಿರುತ್ತಾರೆ. ನಮಗೆ ಅದು ಬೇಕೇ ಬೇಕು. ಆದರೆ ಮೀನಿನ ಕಿವಿರುಗಳನ್ನು ಅದು ಸುಡುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ಹಗಲು, ಒಂದು ರಾತ್ರಿ ನೀರನ್ನು ತೆರೆದಿಟ್ಟರೆ ಸಾಮಾನ್ಯವಾಗಿ ಕ್ಲೋರಿನ್ ಹಾರಿಹೋಗುತ್ತದೆ.

ಎರಡನೆಯ ವಿಷಯ ಇನ್ನೂ ಮುಖ್ಯ. ಮೀನಿನ ಹಿಕ್ಕೆ ಮತ್ತು ತಿನ್ನದೆ ಉಳಿದ ಆಹಾರ ಕೊಳೆತು ಅಮೋನಿಯ ಆಗುತ್ತದೆ. ಅದು ಮೀನಿಗೆ ವಿಷ. ಆದರೆ ತೊಟ್ಟಿಯ ಕಲ್ಲು, ಮರಳು, ಫಿಲ್ಟರಿನ ಸ್ಪಾಂಜುಗಳ ಮೇಲೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ನೆಲೆಸಿ ಆ ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಾಯಿಸುತ್ತವೆ. ಈ ಕೂಲಿಯಾಳುಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾನು ಕಲ್ಲು ತಿಕ್ಕಿ ತೊಳೆದಾಗ ಅವರನ್ನೆಲ್ಲ ಚರಂಡಿಗೆ ಸುರಿದಿದ್ದೆ!

ಈಗ ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಮಾತ್ರ ಕೊಳವೆಯಿಂದ ತೆಗೆದು, ಅಷ್ಟೇ ಹಳಸಿದ ನೀರು ತುಂಬುತ್ತೇನೆ. ನೀರನ್ನು ‘ಹಳಸುವುದು’ ಎಂದರೆ ನನ್ನ ಹೆಂಡತಿ ನಗುತ್ತಾಳೆ. ಆದರೆ ಮೀನಿಗೆ ಬೇಕಾದದ್ದು ಅದೇ.

ಬೋಗುಣಿಯನ್ನೂ ಬಿಟ್ಟೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿ ತಂದೆ. ಮಕ್ಕಳೇ, ಒಂದು ಘನ ಅಡಿಗೆ ಸುಮಾರು 28 ಲೀಟರ್ ನೀರು ಹಿಡಿಯುತ್ತದೆ. ಈ ತೊಟ್ಟಿಗೆ ಎಷ್ಟು ಹಿಡಿಯುತ್ತದೆ, ಲೆಕ್ಕ ಹಾಕಿ. 56 ಲೀಟರ್, ಅಂದರೆ ನೀರಿನ ತೂಕವೇ 56 ಕಿಲೋ. ಗಾಜು, ಕಲ್ಲು ಬೇರೆ. ಓಲಾಡುವ ಸ್ಟೂಲಿನ ಮೇಲೆ ಇಟ್ಟೀರಿ, ಜೋಕೆ.

ಅಪ್ಪನಿಲ್ಲದ ಮನೆಯಲ್ಲಿ ಮರಿಗಳು

ಉಳಿದದ್ದು ಎರಡು ಹೆಣ್ಣು ಮೀನು. ಇನ್ನು ಮರಿಯ ಮಾತೆಲ್ಲಿ ಎಂದುಕೊಂಡಿದ್ದೆ. ಜೂನ್ ತಿಂಗಳ ಒಂದು ಬೆಳಿಗ್ಗೆ ತೊಟ್ಟಿಯ ಮೂಲೆಯಲ್ಲಿ ಕಣ್ಣು ಮಾತ್ರ ಇರುವ ಎಳ್ಳಿನಂಥ ಏನೋ ಚಲಿಸಿತು. ಕನ್ನಡಕ ಹಾಕಿಕೊಂಡು ನೋಡಿದೆ. ಮರಿ! ಎಣಿಸಿದರೆ ಒಂಬತ್ತು ಸಿಕ್ಕವು.

ಮುಂದಿನ ತಿಂಗಳು ಮತ್ತೆ ಮರಿ. ಅದರ ಮುಂದಿನ ತಿಂಗಳೂ ಮರಿ. ಮೊಮ್ಮಗಳು ಫೋನಿನಲ್ಲಿ, “ಗಂಡು ಮೀನೇ ಇಲ್ವಲ್ಲ, ಹೆಂಗೆ ತಾತ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಗಪ್ಪಿ ಹೆಣ್ಣು ಗಂಡಿನೊಂದಿಗೆ ಒಮ್ಮೆ ಕೂಡಿದರೆ ಅದರ ಜೀವಕಣಗಳನ್ನು ತನ್ನ ಒಡಲಲ್ಲಿ ತಿಂಗಳುಗಟ್ಟಲೆ ಕಾಪಾಡಿಕೊಳ್ಳುತ್ತದೆ. ಆಮೇಲೆ ಗಂಡಿಲ್ಲದಿದ್ದರೂ ಹಲವು ಸಲ ಮರಿ ಹಾಕಬಲ್ಲದು. ಅಂದರೆ ಅಂಗಡಿಯಿಂದ ಒಂದೇ ಒಂದು ಬೆಳೆದ ಹೆಣ್ಣು ಮೀನು ತಂದರೂ ನೀವು ಒಂದು ಕುಟುಂಬವನ್ನೇ ತಂದಂತೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇವು ಹಸು, ಬೆಕ್ಕುಗಳ ಹಾಗೆ ಹೆರುವುದಲ್ಲ. ಮೊಟ್ಟೆಗಳು ತಾಯಿಯ ಹೊಟ್ಟೆಯೊಳಗೇ ಉಳಿದು, ಅಲ್ಲೇ ಮರಿಯಾಗಿ, ಈಜಬಲ್ಲ ಸ್ಥಿತಿಯಲ್ಲಿ ಹೊರಬರುತ್ತವೆ. ಮರಿ ಬೆಳೆಯುವುದು ಬಹುಮಟ್ಟಿಗೆ ಮೊಟ್ಟೆಯೊಳಗಿನ ಭಂಡಾರದಿಂದಲೇ. ಮೂರರಿಂದ ನಾಲ್ಕು ವಾರಕ್ಕೊಂದು ಹೆರಿಗೆ. ದಿನ ಹತ್ತಿರ ಬಂದಂತೆ ಹೊಟ್ಟೆ ಉಬ್ಬಿ, ಹೊಟ್ಟೆಯ ಹಿಂಬದಿಯ ಕಪ್ಪು ಕಲೆ ಗಾಢವಾಗುತ್ತದೆ. ಮೊದಲ ಸಲ ಮರಿ ಕಡಿಮೆ. ದೊಡ್ಡ ತಾಯಿಯಾದರೆ ಒಮ್ಮೆಗೆ ಇಪ್ಪತ್ತು, ನಲವತ್ತು, ಇನ್ನೂ ಹೆಚ್ಚು.

ಇನ್ನೊಂದು ಸಂಗತಿ ಕೇಳಿ ಮಕ್ಕಳಿಗೆ ಬೇಸರವಾದೀತು. ಹೆತ್ತ ತಾಯಿಯೇ ಮರಿಗಳನ್ನು ತಿನ್ನುತ್ತದೆ. ಕೆಟ್ಟತನದಿಂದಲ್ಲ. ಬಾಯಿಗೆ ಹಿಡಿಸುವಷ್ಟು ಚಿಕ್ಕದಾಗಿ ಚಲಿಸುವುದೆಲ್ಲ ಅದಕ್ಕೆ ಊಟವೇ. ಮರಿಗಳಿಗೆ ಅಡಗಲು ಜಾಗ ಬೇಕು. ಕೆರೆಗಳಲ್ಲಿ ಬೆಳೆಯುವ ಹೈಡ್ರಿಲ್ಲ ಗಿಡವನ್ನು ತಂದು, ಚೆನ್ನಾಗಿ ತೊಳೆದು, ಕೆಲವು ದಿನ ಬೇರೆ ಬಕೆಟ್ಟಿನಲ್ಲಿಟ್ಟು ನೋಡಿ, ಆಮೇಲೆ ತೊಟ್ಟಿಗೆ ಹಾಕಿದೆ. ಹಾಗೆ ಇಟ್ಟು ನೋಡದಿದ್ದರೆ ಅದರ ಜೊತೆ ಏರೋಪ್ಲೇನ್ ಚಿಟ್ಟೆಯ ನೀರುಹುಳ ಬಂದೀತು. ಅದು ಮರಿ ಮೀನುಗಳನ್ನು ಹಿಡಿದು ತಿನ್ನುತ್ತದೆ. ಮರಿಗಳ ಊಟಕ್ಕೆ, ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಹಿಂಡಿದರೆ ಬರುವ ಒಂದೆರಡು ಹನಿ ಸಾಕು. ಹೆಚ್ಚಾದರೆ ನೀರು ನಾರುತ್ತದೆ.

ಗಪ್ಪಿ ಎಂಬ ಹೆಸರು

‘ಗಪ್ಪಿ’ ಎಂಬುದು ಒಬ್ಬ ಮನುಷ್ಯನ ಹೆಸರು. ರಾಬರ್ಟ್ ಜಾನ್ ಲೆಚ್‌ಮಿಯರ್ ಗಪ್ಪಿ ಎಂಬಾತ ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದಲ್ಲಿದ್ದ. ಅಲ್ಲಿಯ ತೊರೆಗಳ ಈ ಮೀನನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕಳಿಸಿದ. 1866ರಲ್ಲಿ ಆಲ್ಬರ್ಟ್ ಗುಂಥರ್ ಎಂಬ ವಿಜ್ಞಾನಿ ಅದಕ್ಕೆ ಅವನ ಹೆಸರನ್ನೇ ಇಟ್ಟ. ಆಮೇಲೆ ನೋಡಿದರೆ 1859ರಲ್ಲೇ ವಿಲ್ಹೆಲ್ಮ್ ಪೀಟರ್ಸ್ ಎಂಬ ಜರ್ಮನ್ ವಿಜ್ಞಾನಿ ವೆನೆಜುವೆಲಾದ ಇದೇ ಮೀನನ್ನು ವಿವರಿಸಿ ಬೇರೆ ಹೆಸರು ಕೊಟ್ಟಿದ್ದ. ಪುಸ್ತಕದಲ್ಲಿ ಪೀಟರ್ಸ್ ಕೊಟ್ಟ ಹೆಸರು ಉಳಿಯಿತು, ಜನರ ಬಾಯಲ್ಲಿ ಗಪ್ಪಿ ಉಳಿದ.

ಅಂಗಡಿಯಲ್ಲಿ ಸಿಗುವ ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಕೂಡ ಮರಿ ಹಾಕುವ ಇದೇ ಬಳಗದವು. ಅವುಗಳ ಮೂಲ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಸ್ವೋರ್ಡ್‌ಟೇಲ್ ಗಂಡಿನ ಬಾಲದ ಕೆಳತುದಿ ಕತ್ತಿಯಂತೆ ಚಾಚಿರುತ್ತದೆ. ಮೋಲಿಗೆ ಗಡಸು ನೀರು ಇಷ್ಟ. ನಮ್ಮ ಕಡೆಯ ಬೋರ್‌ವೆಲ್ ನೀರು ಅದಕ್ಕೆ ಒಗ್ಗುತ್ತದೆ. ಗಪ್ಪಿಯಲ್ಲಿ ಬಣ್ಣದ ದೊಡ್ಡ ಬಾಲದ್ದು ಗಂಡು, ಗಾತ್ರದಲ್ಲಿ ಚಿಕ್ಕದು. ಬೂದು ಬಣ್ಣದ ದಪ್ಪನೆಯದು ಹೆಣ್ಣು. ಎಳೆಯ ಮೀನಾದರೆ ಹೊಟ್ಟೆಯ ಹಿಂದಿನ ಈಜುರೆಕ್ಕೆ ನೋಡಬೇಕು. ಬೀಸಣಿಗೆಯಂತಿದ್ದರೆ ಹೆಣ್ಣು, ಕಡ್ಡಿಯಂತಿದ್ದರೆ ಗಂಡು.

ಚಕ್ರಬಡ್ಡಿ

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಲೆಕ್ಕ ಇಡುವ ಚಟ ಹೋಗುವುದಿಲ್ಲ. ಹಳೆಯ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಹುಟ್ಟಿದವು, ಬಲಕ್ಕೆ ಸತ್ತವು ಎಂದು ಬರೆಯುತ್ತಿದ್ದೆ. ಎಡಗಡೆ ಬೆಳೆಯುತ್ತಲೇ ಹೋಯಿತು. ಒಂದು ತಾಯಿ ತಿಂಗಳಿಗೆ 20 ಮರಿ ಹಾಕಿ ಎಲ್ಲವೂ ಬದುಕಿದರೆ ಮೂರು ತಿಂಗಳಿಗೆ 60. ಅದರಲ್ಲಿ ಅರ್ಧ, ಅಂದರೆ 30 ಹೆಣ್ಣು. ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ತಾಯಾಗಬಲ್ಲವು. ಆ 30 ಒಂದೊಂದು ಸಲ ಹೆತ್ತರೆ 600. ಯಾವ ಬ್ಯಾಂಕೂ ಕೊಡದ ಬಡ್ಡಿ ಇದು.

ನಾನು ಹೈಡ್ರಿಲ್ಲ ಹಾಕಿ ಮರಿಗಳನ್ನು ಉಳಿಸಿದ್ದೆನಲ್ಲ, ಅದರ ಫಲ ದಸರಾ ಹೊತ್ತಿಗೆ ಕಂಡಿತು. 130ಕ್ಕೂ ಹೆಚ್ಚು ಮೀನು. ತೊಟ್ಟಿ ಸಾಲದೆ ಬಟ್ಟೆ ಒಗೆಯುವ ಟಬ್ಬು, ಹಳೆಯ ಡ್ರಮ್ಮು ಎಲ್ಲ ಮೀನುಮಯ. ಒಂದು ರಾತ್ರಿ ಕರೆಂಟ್ ಹೋಗಿ ಗಾಳಿಯ ಪಂಪು ನಿಂತಿತು. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯತೊಡಗಿದವು. ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಮೇಲಿನಿಂದ ಸುರಿಯುತ್ತ ನಾನೂ ನನ್ನ ಹೆಂಡತಿಯೂ ಸರದಿಯ ಮೇಲೆ ಕೂತೆವು. ಬೆಳಗಾಗುವಷ್ಟರಲ್ಲಿ ನನ್ನ ತೋಳು ಬಿದ್ದುಹೋಗಿತ್ತು.

ಬಕೆಟ್ ಹಿಡಿದು ಹೊಳೆಗೆ

ದಸರಾ ರಜೆಗೆ ಬಂದ ಮೊಮ್ಮಗಳು ಟಬ್ಬುಗಳ ನಡುವೆ ಕುಣಿದಾಡಿದಳು. ಎರಡನೆಯ ದಿನ ಮೀನುಗಳ ಇಕ್ಕಟ್ಟು ನೋಡಿ ಅವಳೇ ಹೇಳಿದಳು: “ಪಾಪ ತಾತ, ಹೊಳೆಗೆ ಬಿಟ್ಬಿಡೋಣ. ಆರಾಮಾಗಿ ಇರ್ತವೆ.”

ನನಗೂ ಸರಿ ಎನ್ನಿಸಿತು. ಪುಣ್ಯದ ಕೆಲಸ ಎಂದೇ ಅಂದುಕೊಂಡೆ. ಎಂಬತ್ತರಷ್ಟು ಮೀನನ್ನು ಬಕೆಟ್ಟಿಗೆ ತುಂಬಿಕೊಂಡು ಇಬ್ಬರೂ ಅಣೆಕಟ್ಟೆಯ ಕಡೆ ನಡೆದೆವು. ಅಲ್ಲಿ ನನಗಿಂತ ತುಸು ಚಿಕ್ಕವರೊಬ್ಬರು ಬಲೆ ಬಿಡಿಸುತ್ತ ಕೂತಿದ್ದರು.

“ಏನ್ ಸಾ, ಬಕೇಟಲ್ಲಿ?” ಎಂದರು. ಹೇಳಿದೆ. ಅವರು ಏನೂ ಅನ್ನದೆ ತಮ್ಮ ಬುಟ್ಟಿಯನ್ನು ನಮ್ಮ ಕಡೆ ವಾಲಿಸಿದರು. “ನೋಡಿ, ಎಲ್ಲಾ ಜಿಲೇಬೀನೆ. ನಾವು ಹುಡುಗ್ರಾಗಿದ್ದಾಗ ಇದೇ ಹೊಳೇಲಿ ಹತ್ತಾರು ತರದ ಮೀನು ಬೀಳೋವು. ಇದನ್ನ ಯಾವ ಕಾಲ್ದಲ್ಲೋ ಯಾರೋ ತಂದು ಬಿಟ್ರು, ತುಂಬ್ಕಂಡ್ವು.”

ಜಿಲೇಬಿ ಎಂದು ನಾವು ಕರೆಯುವ ಟಿಲಾಪಿಯಾ ನಮ್ಮ ದೇಶದ ಮೀನಲ್ಲ. ಆಫ್ರಿಕಾದ್ದು. ಜನರಿಗೆ ಅಗ್ಗದ ಆಹಾರವಾಗಲಿ ಎಂಬ ಒಳ್ಳೆಯ ಉದ್ದೇಶದಿಂದಲೇ 1952ರಲ್ಲಿ ಭಾರತಕ್ಕೆ ತಂದರು. ಅದರ ತಾಯಿ ಮೊಟ್ಟೆ, ಮರಿಗಳನ್ನು ಬಾಯೊಳಗಿಟ್ಟು ಕಾಯುತ್ತದೆ. ಹಾಗಾಗಿ ಮರಿಗಳು ಬದುಕುವುದು ಹೆಚ್ಚು. ಕೆರೆ, ಹೊಳೆಗಳಲ್ಲೆಲ್ಲ ಹಬ್ಬಿತು.

ಮೊಮ್ಮಗಳು ಬುಟ್ಟಿಯನ್ನೂ ನೋಡಿದಳು, ಬಕೆಟ್ಟನ್ನೂ ನೋಡಿದಳು. “ತಾತ, ನಮ್ಮವೂ ಹಿಂಗೇ ಆಗ್ತವಾ?” ಎಂದಳು.

ಆಗಬಹುದು ಎಂದೆ. ಬಕೆಟ್ ಮನೆಗೆ ವಾಪಸ್ ಬಂತು.

ಆಮೇಲೆ ಓದಿದಷ್ಟೂ ಅಂದು ಬಿಡದಿದ್ದದ್ದು ಒಳ್ಳೆಯದಾಯಿತು ಎನ್ನಿಸಿದೆ. ಗಪ್ಪಿಯ ಹತ್ತಿರದ ನೆಂಟ ಗಾಂಬೂಸಿಯಾ. ಸೊಳ್ಳೆಮರಿ ತಿನ್ನಲೆಂದು 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂದ ಮೀನು ಅದು. ಬೇರೆ ಮೀನು, ಕಪ್ಪೆಗಳ ಮೊಟ್ಟೆ-ಮರಿಗಳನ್ನೂ ತಿನ್ನುವ ಕಾರಣ ಇಂದು ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಅಕ್ವೇರಿಯಂನಲ್ಲಿ ಗಾಜಿನ ಪಾಚಿ ತಿನ್ನಲೆಂದು ಸಾಕುವ ಸಕ್ಕರ್ ಮೀನು, ದೊಡ್ಡದಾಯಿತೆಂದು ಜನ ಬಿಟ್ಟುಬಿಟ್ಟು, ದೇಶದ ಹಲವು ಕೆರೆಗಳಲ್ಲಿ ಬಲೆಗೆ ಬೀಳುತ್ತಿದೆ.

ನಮ್ಮ ಲಕ್ಷ್ಮಣತೀರ್ಥ ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪು ಜಲಪಾತವಾಗಿ ಧುಮುಕಿ, ಹನಗೋಡು, ಹುಣಸೂರು ದಾಟಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಇಲ್ಲಿ ಬಿಟ್ಟದ್ದು ಇಲ್ಲೇ ನಿಲ್ಲುವುದಿಲ್ಲ. ಆ ಕಾವೇರಿಗೇ ವಿಶಿಷ್ಟವಾದ, ಬೆನ್ನು ಗೂನಿದ ದೊಡ್ಡ ಮಹಸೀರ್, ನಮ್ಮವರ ಬಾಯಲ್ಲಿ ಬಿಳಿಮೀನು, ಈಗ ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅದನ್ನು ‘ತೀವ್ರ ಅಪಾಯದಲ್ಲಿರುವ’ ಜೀವಿಗಳ ಪಟ್ಟಿಗೆ ಸೇರಿಸಿದರು. ಮೀನು ಹೆಚ್ಚಲಿ ಎಂದೇ ಹೊರಗಿನಿಂದ ತಂದು ಬಿಟ್ಟ ಇನ್ನೊಂದು ಬಗೆಯ ಮಹಸೀರ್ ಅದರ ಜಾಗವನ್ನು ಆಕ್ರಮಿಸಿದ್ದು ಒಂದು ಕಾರಣ ಎಂದು ವಿಜ್ಞಾನಿಗಳು ಹೇಳುತ್ತಾರೆ. ಬಿಟ್ಟವರ ಮನಸ್ಸಿನಲ್ಲಿ ಕೇಡಿರಲಿಲ್ಲ. ನಮ್ಮ ಮನಸ್ಸಿನಲ್ಲೂ ಇರಲಿಲ್ಲ.

ಹಾಗಾದರೆ ಮರಿಗಳನ್ನು ಏನು ಮಾಡುವುದು?

“ಆರೋಗ್ಯ ಇಲಾಖೆಯವರೇ ಗಪ್ಪಿ ಬಿಡ್ತಾರಲ್ಲ?” ಎಂದು ಕೆಲವರು ಕೇಳಬಹುದು. ನಿಜ. ಸೊಳ್ಳೆಗೂ ನೀರಿಗೂ ಇರುವ ನಂಟು ಹಳೆಯದು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂಬುದನ್ನು ಮುಂದೆ ತೋರಿಸಿಕೊಟ್ಟ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿ ವೈದ್ಯನಾಗಿದ್ದಾಗ, ನಿಂತ ನೀರನ್ನು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುವುದನ್ನು ಗಮನಿಸಿದ್ದ. ಚೆಲ್ಲಲಾಗದ ನೀರಿಗೆ ಮೀನು. ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ ಬಾವಿಗಳಿಗೆ ಇಂಥ ಮೀನು ಬಿಟ್ಟು ಮಲೇರಿಯಾ ಸೊಳ್ಳೆಯನ್ನು ತಗ್ಗಿಸಿದ ಅಧ್ಯಯನವೇ ಇದೆ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನಿಮಗೆ ನೆನಪಿರಬಹುದು. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಮನೆಯ ತೊಟ್ಟಿ, ಡ್ರಮ್ಮುಗಳ ತಿಳಿನೀರಿನಲ್ಲಿ.

ಆದರೆ ಬಾವಿ, ತೊಟ್ಟಿ ಬೇರೆ. ಹರಿಯುವ ಹೊಳೆ, ತುಂಬಿ ಕೋಡಿ ಬೀಳುವ ಕೆರೆ ಬೇರೆ. ನಮ್ಮ ಹಿತ್ತಲಿನಲ್ಲಿ ಪಾತ್ರೆ ತೊಳೆಯಲು ನೀರು ತುಂಬಿಡುವ ಸಿಮೆಂಟ್ ತೊಟ್ಟಿಯಿದೆ. ಅದರ ನೀರು ಉಕ್ಕಿ ಚರಂಡಿಗೆ ಹೋಗದಂತೆ ಒಂದು ಗೇಣು ಖಾಲಿ ಬಿಟ್ಟು, ಎಂಟು ಗಪ್ಪಿ ಬಿಟ್ಟೆವು. ಎಂಟೂ ಗಂಡು! ಹೆಣ್ಣು ಮೀನು ಇನ್ನೂ ಹೆಚ್ಚು ಸೊಳ್ಳೆಮರಿ ತಿನ್ನುತ್ತದೆ, ಒಪ್ಪಿದೆ. ಆದರೆ ಅದರ ಒಡಲಿನ ಗುಟ್ಟು ನಮಗೆ ಗೊತ್ತಲ್ಲ. ಕುಣಿಯುತ್ತಿದ್ದ ಸೊಳ್ಳೆಮರಿಗಳು ಮೂರನೆಯ ದಿನ ಒಂದೂ ಇರಲಿಲ್ಲ.

ಮನೆಯ ತೊಟ್ಟಿಯಲ್ಲಿ ಗಂಡು ಹೆಣ್ಣುಗಳನ್ನು ಬೇರೆ ಮಾಡಿದೆವು. ಈಗ ಹುಟ್ಟುವ ಮರಿಗಳನ್ನು ಒಂದು ತಿಂಗಳಾಗುತ್ತಲೇ ಈಜುರೆಕ್ಕೆ ನೋಡಿ ಬೇರೆ ಮಾಡುತ್ತೇನೆ. ಹೆಣ್ಣಿನ ತೊಟ್ಟಿಯಿಂದ ಹೈಡ್ರಿಲ್ಲವನ್ನೂ ಅರ್ಧ ತೆಗೆದೆ. ತಾಯಿ ತಿಂದಷ್ಟು ತಿನ್ನಲಿ ಎಂದು ಬಿಡುವುದು ಮೊದಲು ಮನಸ್ಸಿಗೆ ಕಷ್ಟವಾಯಿತು. ನೂರನ್ನು ಇಕ್ಕಟ್ಟಿನಲ್ಲಿ ಉಸಿರು ಕಟ್ಟಿಸುವುದಕ್ಕಿಂತ ಇದೇ ಮೇಲು ಎಂದು ಮೊಮ್ಮಗಳಿಗೆ ಹೇಳಿದೆ. ಅವಳು ಒಪ್ಪಿದಳೋ ಇಲ್ಲವೋ, ಆ ಹೊತ್ತಿಗೆ ತೊಟ್ಟಿಯ ಕಡೆ ನೋಡಲಿಲ್ಲ.

ಮಿಕ್ಕ ಮೀನುಗಳನ್ನು ಊರಿನ ಆರು ಮನೆಗಳ ಮಕ್ಕಳಿಗೆ ಕೊಟ್ಟೆ. ಕೆಲವು ಅವಳ ಜೊತೆ ಮೈಸೂರಿಗೆ ಹೋಗಿ ಅಂಗಡಿ ಸೇರಿದವು. ಬ್ಯಾಂಕಿನ ಫಾರಂನಲ್ಲಿ ಸಣ್ಣ ಅಕ್ಷರದ ಷರತ್ತುಗಳನ್ನು ಯಾರೂ ಓದುವುದಿಲ್ಲ. ಅದಕ್ಕೆ ನಾವು ಒಂದೇ ಷರತ್ತು ಇಟ್ಟೆವು. ಪ್ರತಿ ಬಾಟಲಿಗೂ ಮೊಮ್ಮಗಳು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದಳು: ‘ಹೊಳೆಗೆ, ಕೆರೆಗೆ, ನಾಲೆಗೆ ಬಿಡಬಾರದು. ಬೇಡವಾದರೆ ತಾತನ ಮನೆಗೆ ತಂದು ಕೊಡಿ.’

ಇಲ್ಲಿಯವರೆಗೆ ಒಬ್ಬ ಹುಡುಗ ಮಾತ್ರ ವಾಪಸ್ ತಂದಿದ್ದಾನೆ. ನಾಲ್ಕು ಕೊಟ್ಟಿದ್ದೆ, ಹತ್ತೊಂಬತ್ತು ತಂದ. ಭಾನುವಾರ ಸಂಜೆ ಮೈಸೂರಿನಿಂದ ಫೋನ್ ಬರುತ್ತದೆ. “ತಾತ, ಈ ವಾರ ಎಷ್ಟು?” ನೋಟ್‌ಬುಕ್ ತೆಗೆದು ಲೆಕ್ಕ ಒಪ್ಪಿಸುತ್ತೇನೆ.

ಗಪ್ಪಿ ತರುವ ಮೊದಲು

• ತೊಟ್ಟಿ ಮೊದಲು, ಮೀನು ಆಮೇಲೆ. ಮೊದಲ ಕೆಲವು ವಾರ ಎರಡು ಮೂರು ಮೀನು ಮಾತ್ರ ಇರಲಿ.

• ಗಂಡು ಹೆಣ್ಣು ಕೂಡಿ ಸಾಕುವುದಾದರೆ ಒಂದು ಗಂಡಿಗೆ ಎರಡು ಮೂರು ಹೆಣ್ಣು. ಮರಿ ಬೇಡವಾದರೆ ಗಂಡು ಮಾತ್ರ ತನ್ನಿ.

• ತಂದ ಚೀಲವನ್ನು ತೊಟ್ಟಿಯ ನೀರಿನ ಮೇಲೆ ಕಾಲು ಗಂಟೆ ತೇಲಿಬಿಟ್ಟು, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪ ಬೆರೆಸಿ, ಆಮೇಲೆ ಮೀನು ಬಿಡಿ.

• ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ಹಾಕುವವರು ಮನೆಯಲ್ಲಿ ಒಬ್ಬರೇ ಇರಲಿ.

• ನೀರಿನ ಬಿಸಿ 24ರಿಂದ 28 ಡಿಗ್ರಿ ಇದ್ದರೆ ಒಳ್ಳೆಯದು. ಡಿಸೆಂಬರ್, ಜನವರಿಯ ಚಳಿಗೆ ತೊಟ್ಟಿಯನ್ನು ಕಿಟಕಿಯಿಂದ ದೂರ ಇಡಿ. ಹೀಟರ್ ಬಳಸಿದರೆ, ನೀರಿಗೆ ಕೈ ಹಾಕುವ ಮೊದಲು ಸ್ವಿಚ್ ಆರಿಸಿ ಪ್ಲಗ್ ತೆಗೆಯಿರಿ.

• ಮರಿಗಳು ಹುಟ್ಟುವ ಮೊದಲೇ ಯಾರಿಗೆ ಕೊಡುವಿರಿ ಎಂದು ಬರೆದಿಟ್ಟುಕೊಳ್ಳಿ.